ಚೀಲ, ಚರಗಿ, ಚಿಲಕ

ಆಪರೇಷನ್ ಆಗಿ ಎರಡು ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ ನಮ್ಮ ಸೋದರಮಾವ ಗೂಟಕ್ಕೆ ಹಾಕಿದ್ದ ಟವಲು ತೆಗೆದು ಹೆಗಲ ಮೇಲೆ ಹಾಕಿಕೊಂಡು, ‘ಹೊಲದ ಕಡಿ ಹೋಗಿ ಬರ್ತೀನಿ’ ಅಂದರು. ರೊಟ್ಟಿ ಬಡಿಯುತ್ತಿದ್ದ ಅತ್ತೆ ಕೈ ನಿಲ್ಲಿಸಿ ಕೇಳಿದರು: ‘ಅಲ್ಲೇ ಚೀಲ ತುಂಬಿತು ಅಂದ್ರ?’

ಮಾವ ಸ್ವಲ್ಪ ಹೊತ್ತು ಹೊಸ್ತಿಲ ಮೇಲೆ ನಿಂತರು. ಟವಲು ಮತ್ತೆ ಗೂಟಕ್ಕೆ ಹೋಯಿತು.

ಹಾನಗಲ್ ತಾಲ್ಲೂಕಿನಲ್ಲಿ, ಅಕ್ಕಿಆಲೂರಿನ ಆಚೆಗೆ ಅವರದು ನಾಲ್ಕು ಎಕರೆ ಭತ್ತದ ಗದ್ದೆ, ಬದುವಿನ ಮೇಲೆ ಆರು ಮಾವಿನ ಗಿಡ. ಗುದನಾಳದ ಕ್ಯಾನ್ಸರ್. ವರ್ಷವಿಡೀ ರಕ್ತ ಹೋಗುತ್ತಿದ್ದರೂ ಮೂಲವ್ಯಾಧಿ ಎಂದುಕೊಂಡು ಸೊಪ್ಪಿನ ರಸ ಕುಡಿದರು. ಮೂಲವ್ಯಾಧಿಗೆ ಗ್ಯಾರಂಟಿ ಔಷಧ ಎಂಬ ಬರಹ ಇಲ್ಲದ ಬಸ್‌ಸ್ಟ್ಯಾಂಡು ನಮ್ಮ ಕಡೆ ಅಪರೂಪ. ರಕ್ತ ಕಂಡರೆ ಮೊದಲು ಬೆರಳಿಟ್ಟು ಪರೀಕ್ಷೆ ಮಾಡುವ ಡಾಕ್ಟರ ಹತ್ತಿರ ಹೋಗಿ ಎಂಬ ಬರಹವನ್ನು ಮಾತ್ರ ನಾನು ಯಾವ ಗೋಡೆಯ ಮೇಲೂ ಕಂಡಿಲ್ಲ. ಕೊನೆಗೆ ಹುಬ್ಬಳ್ಳಿಯಲ್ಲಿ ಕರೆಂಟು, ಅಂದರೆ ರೇಡಿಯೇಷನ್, ಕೊಡಿಸಿ, ಆಪರೇಷನ್ ಮಾಡಿಸಿದ್ದಾಯಿತು. ಗಡ್ಡೆ ತೀರ ಕೆಳಗಿತ್ತು. ಗುದನಾಳವನ್ನೂ ಗುದದ್ವಾರವನ್ನೂ ತೆಗೆದು, ಉಳಿದ ದೊಡ್ಡ ಕರುಳಿನ ತುದಿಯನ್ನು ಹೊಕ್ಕುಳದ ಎಡಕ್ಕೆ, ಸ್ವಲ್ಪ ಕೆಳಗೆ, ಹೊಟ್ಟೆಯ ಗೋಡೆಯಿಂದ ಹೊರಕ್ಕೆ ತಂದು ಹೊಲಿದರು. ಇಂಥ ಆಪರೇಷನ್ನಿನ ಕ್ರಮವನ್ನು ಲಂಡನ್ನಿನ ಸರ್ಜನ್ ಅರ್ನೆಸ್ಟ್ ಮೈಲ್ಸ್ 1908ರಲ್ಲಿ ಬರೆದು ಪ್ರಕಟಿಸಿದ. ಅದಾಗಿ ನೂರು ವರ್ಷದ ಮೇಲಾಯಿತು.

ಹೀಗೆ ಹೊರಗೆ ಬಂದ ಕರುಳಿನ ತುದಿಗೆ ಸ್ಟೋಮಾ ಎನ್ನುತ್ತಾರೆ. ಗ್ರೀಕ್ ಭಾಷೆಯಲ್ಲಿ ಆ ಪದದ ಅರ್ಥ ಬಾಯಿ. ನೋಡಲಿಕ್ಕೂ ಹಾಗೆಯೇ, ತುಟಿಯ ಒಳಭಾಗದ ಹಾಗೆ ಕೆಂಪಗೆ, ಹಸಿಯಾಗಿ ಇರುತ್ತದೆ. ಮುಟ್ಟಿದರೆ ನೋವಿಲ್ಲ, ಏಕೆಂದರೆ ಕರುಳಿನ ಒಳಪದರಕ್ಕೆ ನೋವಿನ ನರಗಳಿಲ್ಲ. ಬಿಗಿಹಿಡಿಯುವ ಸ್ನಾಯುವೂ ಇಲ್ಲ. ಮಲವಾಗಲಿ ವಾಯುವಾಗಲಿ ತನಗೆ ಬೇಕೆಂದಾಗ ಬರುತ್ತದೆ, ಯಜಮಾನನನ್ನು ಕೇಳುವುದಿಲ್ಲ. ಅದಕ್ಕಾಗಿ ಚರ್ಮಕ್ಕೆ ಅಂಟಿಸಿದ ಒಂದು ಪದರ, ಅದರ ಮೇಲೊಂದು ಚೀಲ. ದೊಡ್ಡ ಕರುಳಿನದಾದರೆ ಕೊಲೊಸ್ಟಮಿ, ಸಣ್ಣ ಕರುಳಿನದಾದರೆ ಇಲಿಯೊಸ್ಟಮಿ, ಮೂತ್ರಕೋಶ ತೆಗೆದು ಮೂತ್ರಕ್ಕೆ ದಾರಿ ಮಾಡಿದರೆ ಯುರೊಸ್ಟಮಿ. ನಮ್ಮ ಕಡೆ ಜನ ಈ ಮೂರು ಹೆಸರನ್ನೂ ಆಡುವುದಿಲ್ಲ. ‘ಹೊಟ್ಟಿಗೆ ಚೀಲ ಹಾಕ್ಯಾರ’ ಅನ್ನುತ್ತಾರೆ, ಅದನ್ನೂ ದನಿ ತಗ್ಗಿಸಿ.

ಡಿಸ್ಚಾರ್ಜ್ ಕಾಗದಗಳಲ್ಲಿ ಸಾಮಾನ್ಯವಾಗಿ ಒಂದು ಮಾತು ಇರುತ್ತದೆ: ಆರೆಂಟು ವಾರದ ನಂತರ ಲಘು ಕೆಲಸ ಮಾಡಬಹುದು, ಭಾರ ಎತ್ತಬಾರದು. ವೈದ್ಯಶಾಸ್ತ್ರದ ಮಟ್ಟಿಗೆ ಅದು ಸರಿಯಾದ ಮಾತು. ಹೊಟ್ಟೆಯ ಗೋಡೆಯಲ್ಲಿ ಒಂದು ಕಿಂಡಿ ಮಾಡಿದ್ದಾರೆ. ಭಾರ ಎತ್ತಿದಾಗ ಒಳಗಿನ ಒತ್ತಡಕ್ಕೆ ಆ ಕಿಂಡಿಯ ಪಕ್ಕದಲ್ಲೇ ಕರುಳು ನುಗ್ಗಿ ಹರ್ನಿಯಾ ಆಗಬಹುದು. ಆದರೆ ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರಿನಲ್ಲಿ ಲಘು ಕೆಲಸ ಎಂದರೆ ಯಾವುದು?

ಎಪಿಎಂಸಿಯಲ್ಲಿ ಗೋವಿನಜೋಳದ ಚೀಲ ಹೊರುವ ಹಮಾಲನಿಗೆ ಹಳೆಯ ಕೆಲಸ ಮುಗಿದಂತೆಯೇ. ಬೆನ್ನಿನ ಮೇಲಿನ ಚೀಲ ಮತ್ತು ಹೊಟ್ಟೆಯ ಮೇಲಿನ ಚೀಲ ಒಟ್ಟಿಗೆ ನಡೆಯುವುದಿಲ್ಲ. ತೂಕದ ಕಾಟಾದ ಹತ್ತಿರ ನಿಲ್ಲುವುದು, ಲೆಕ್ಕ ಬರೆಯುವುದು ಆದೀತು. ಆದರೆ ಆ ಜಾಗದಲ್ಲಿ ಈಗಾಗಲೇ ಒಬ್ಬ ಕುಳಿತಿರುತ್ತಾನೆ. ಭತ್ತದ ನಾಟಿ, ಕಳೆ ತೆಗೆಯುವುದು ಭಾರದ ಕೆಲಸವಲ್ಲ ಎಂದು ಪೇಟೆಯವರಿಗೆ ಅನಿಸಬಹುದು. ಬಗ್ಗಿದಾಗ, ಕುಕ್ಕರಗಾಲಲ್ಲಿ ಕುಳಿತಾಗ ಹೊಟ್ಟೆಯ ಮಡಿಕೆಗೆ ಚೀಲ ಸಿಕ್ಕು, ಅಂಟು ಒಂದು ಕಡೆಯಿಂದ ಏಳುತ್ತದೆ. ಏಪ್ರಿಲ್ ಬಿಸಿಲಿನ ಬೆವರಿಗೆ ಇನ್ನೂ ಬೇಗ. ಸವಣೂರಿನ ಎಲೆತೋಟ ವಾಸಿ. ಅಲ್ಲಿ ನೆರಳಿದೆ, ತೋಟದ ನೀರು ಹತ್ತಿರ, ಎಲೆ ಕೊಯ್ದು ಜೋಡಿಸಿ ಕಟ್ಟುವ ಕೆಲಸದಲ್ಲಿ ಹೊಟ್ಟೆಗೆ ಪೆಟ್ಟಿಲ್ಲ.

ಹಿರೇಕೆರೂರು ಕಡೆಯ ಹತ್ತಿಬೀಜದ ‘ಕ್ರಾಸಿಂಗ್’ ನೋಡಿದಾಗ ನನಗೆ, ಇದು ಇಂಥವರಿಗೇ ಹೇಳಿ ಮಾಡಿಸಿದ್ದು ಅನಿಸಿತ್ತು. ಸಂಜೆ ಮೊಗ್ಗು ಬಿಡಿಸಿ ಕೇಸರ ತೆಗೆಯುವುದು, ಮರುದಿನ ಬಿಸಿಲೇರುವ ಮುಂಚೆ ಗಂಡುಹೂವಿನ ಪರಾಗ ಸವರುವುದು. ನಿಂತು ಮಾಡುವ ನಾಜೂಕು ಕೆಲಸ, ಎತ್ತುವುದೇನೂ ಇಲ್ಲ. ಮಾಡುವವರು ಬಹುಪಾಲು ಹೆಣ್ಣುಮಕ್ಕಳು. ಅಂಥ ಹೊಲದಲ್ಲಿ ನಿಂತು ಸುತ್ತ ನೋಡಿ: ಮೈಲು ದೂರದವರೆಗೆ ಒಂದು ಮರೆ ಇಲ್ಲ. ಅತ್ತೆಯ ಪ್ರಶ್ನೆ ಅಲ್ಲಿಯೂ ನಿಂತೇ ಇರುತ್ತದೆ.

ಹೆಣ್ಣುಮಕ್ಕಳ ಮಾತು ಬಂದಾಗ ಸೀರೆಯ ಮಾತನ್ನೂ ಆಡಬೇಕು. ಸ್ಟೋಮಾ ಎಲ್ಲಿ ಬರಬೇಕು ಎಂದು ಆಪರೇಷನ್ನಿಗೆ ಮುಂಚೆಯೇ ಪೆನ್ನಿನಿಂದ ಹೊಟ್ಟೆಯ ಮೇಲೆ ಗುರುತು ಹಾಕುವುದು ಒಳ್ಳೆಯ ಪದ್ಧತಿ. ರೋಗಿಯನ್ನು ನಿಲ್ಲಿಸಿ, ಕೂರಿಸಿ, ಬಗ್ಗಿಸಿ ನೋಡಿ, ಮಡಿಕೆ ಬೀಳದ, ರೋಗಿಯ ಕಣ್ಣಿಗೆ ಕಾಣುವ ಜಾಗ ಆರಿಸುತ್ತಾರೆ. ಬೆಲ್ಟಿನ ಗೆರೆ ತಪ್ಪಿಸಿ ಎಂದು ಪುಸ್ತಕ ಹೇಳುತ್ತದೆ. ನಮ್ಮಲ್ಲಿ ತಪ್ಪಿಸಬೇಕಾದ್ದು ಲಂಗದ ಲಾಡಿಯನ್ನು, ಧೋತರದ ಗಂಟನ್ನು, ಉಡಿದಾರವನ್ನು. ಬಗ್ಗಿ ಕಳೆ ತೆಗೆಯುವವಳು ಸೀರೆ ಎತ್ತಿ ಸಿಕ್ಕಿಸುವ ಜಾಗವನ್ನೂ. ‘ಎಲ್ಲಿ ಲಾಡಿ ಕಟ್ತೀರವ್ವಾ, ಕೆಲಸಕ್ಕ ಹ್ಯಾಂಗ ಕೂಡ್ತೀರಿ, ತೋರಿಸ್ರಿ’ ಎಂದು ಮೊದಲೇ ಕೇಳಿದರೆ ಐದು ನಿಮಿಷದ ಕೆಲಸ. ಕೇಳದೆ ಹೋದರೆ ಆಕೆ ಮುಂದಿನ ಇಪ್ಪತ್ತು ವರ್ಷ ದಿನಾ ಆ ಲಾಡಿಯ ಜೊತೆ ಜಗಳ ಆಡಬೇಕು. ಹುಬ್ಬಳ್ಳಿಗೋ ದಾವಣಗೆರೆಗೋ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೋ ಹೊರಟ ಮನೆಯವರು ಇದೊಂದನ್ನು ನೆನಪಿಟ್ಟುಕೊಂಡು ತಾವೇ ಕೇಳಬಹುದು.

ಬಸ್ಸಿನ ಕಂಡಕ್ಟರನ ಕಥೆ ಬೇರೆ. ಅವನಿಗೆ ಈಗಾಗಲೇ ಒಂದು ಚೀಲ ಇದೆ, ಹೆಗಲಿನಿಂದ ಸೊಂಟದವರೆಗೆ ಇಳಿಬಿದ್ದದ್ದು. ಎಡಕ್ಕೆ ಸ್ಟೋಮಾ ಇದ್ದರೆ ಹೆಗಲಿನ ಚೀಲವನ್ನು ಬಲಕ್ಕೆ ಬದಲಿಸಿಕೊಳ್ಳಬೇಕು. 2023ರ ಜೂನ್‌ನಲ್ಲಿ ಹೆಂಗಸರಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ ಬಂದ ಮೇಲೆ ಹಾನಗಲ್–ಹಾವೇರಿ ಬಸ್ಸಿನಲ್ಲಿ ಕಾಲಿಡಲು ಜಾಗ ಸಿಗುವುದು ಕಷ್ಟ. ಆ ಗದ್ದಲದಲ್ಲಿ ಒಂದು ಮೊಣಕೈ ತಾಗಿದರೆ ಸಾಕು. ಮೇಷ್ಟ್ರಿಗೆ ನೂಕುನುಗ್ಗಲಿನ ಕಾಟವಿಲ್ಲ, ಅವರನ್ನು ಹೆದರಿಸುವುದು ಸದ್ದು. ಮಗ್ಗಿ ಒಪ್ಪಿಸುತ್ತಿರುವ ಹುಡುಗರ ನಡುವೆ ಹೊಟ್ಟೆ ಗುರುಗುಟ್ಟಿದರೆ? ಅನುಭವಸ್ಥರ ಉಪಾಯ ಸುಲಭದ್ದು: ಸದ್ದು ಬರುವ ಸೂಚನೆ ಸಿಕ್ಕಾಗ ಹಾಜರಿ ಪುಸ್ತಕವನ್ನೋ ಅಂಗೈಯನ್ನೋ ಅಲ್ಲಿ ಮೆಲ್ಲಗೆ ಒತ್ತಿಹಿಡಿಯುವುದು. ಶಾಲೆಗೆ ಹೋಗುವ ದಿನ ಮಡಿಕೆಕಾಳು, ಅಲಸಂದಿ, ಹಸಿ ಉಳ್ಳಾಗಡ್ಡಿ ದೂರ ಇಟ್ಟು, ಮಜ್ಜಿಗೆಯನ್ನು ಹತ್ತಿರ ಇಟ್ಟುಕೊಳ್ಳುವುದು. ಸಣ್ಣ ಕರುಳಿನ ಚೀಲದವರಿಗೆ ಪಥ್ಯ ಇನ್ನೂ ಬಿಗಿ. ಮಳೆಗಾಲದಲ್ಲಿ ರಸ್ತೆ ಬದಿಗೆ ಸುಡುವ ಗೋವಿನಜೋಳದ ತೆನೆ, ಶೇಂಗಾ, ಕೊಬ್ಬರಿ ಚೆನ್ನಾಗಿ ಅಗಿಯದೆ ನುಂಗಿದರೆ ಕಿಂಡಿಯಲ್ಲಿ ಸಿಕ್ಕಿಕೊಳ್ಳುತ್ತವೆ. ನೀರು, ಉಪ್ಪು ಎರಡೂ ದೇಹದಿಂದ ಬೇಗ ಹೋಗುವುದರಿಂದ ಬಿಸಿಲಲ್ಲಿ ದುಡಿಯುವಾಗ ಓಆರ್‌ಎಸ್ ಜೊತೆಗಿರಬೇಕು. ಗೋವಿನಜೋಳದ ಸೀಮೆಯಲ್ಲಿದ್ದು ಗೋವಿನಜೋಳಕ್ಕೇ ಹೆದರುವುದು!

ಈ ಚೀಲವನ್ನು ಕಂಡುಹಿಡಿದದ್ದೇ ಮನೆಯಿಂದ ಹೊರಗೆ ಹೋಗಲಿಕ್ಕೆ. ಡೆನ್ಮಾರ್ಕಿನ ಎಲಿಸ್ ಸೊರೆನ್ಸನ್ ಎಂಬ ನರ್ಸಿನ ತಂಗಿ ಥೋರಾಗೆ ಸ್ಟೋಮಾ ಆಗಿತ್ತು. ಸೋರುತ್ತದೆ, ನಾರುತ್ತದೆ ಎಂಬ ಹೆದರಿಕೆಗೆ ಥೋರಾ ಜನರ ನಡುವೆ ಹೋಗುವುದನ್ನೇ ಬಿಟ್ಟಳು. 1954ರಲ್ಲಿ ಅಕ್ಕ ಯೋಚಿಸಿದಳು: ಚರ್ಮಕ್ಕೆ ನೇರವಾಗಿ ಅಂಟಿಕೊಳ್ಳುವ ಪ್ಲಾಸ್ಟಿಕ್ ಚೀಲ ಯಾಕೆ ಮಾಡಬಾರದು? ಪ್ಲಾಸ್ಟಿಕ್ ಕಾರ್ಖಾನೆಯ ಮಾಲೀಕ ಮೊದಲು ಒಪ್ಪಲಿಲ್ಲ. ನರ್ಸ್ ಆಗಿ ಕೆಲಸ ಮಾಡಿ ಗೊತ್ತಿದ್ದ ಅವನ ಹೆಂಡತಿ ಒಪ್ಪಿಸಿದಳು. ಕೊಲೊಪ್ಲಾಸ್ಟ್ ಕಂಪನಿ ಹುಟ್ಟಿದ್ದು ಹೀಗೆ. ಸುಮಾರು ಅದೇ ಕಾಲಕ್ಕೆ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಡಾ. ರೂಪರ್ಟ್ ಟರ್ನ್‌ಬುಲ್, ಕರಾಯ ಎಂಬ ಮರದ ಅಂಟು ಸ್ಟೋಮಾದ ಸುತ್ತಲಿನ ಚರ್ಮವನ್ನು ಕಾಯುತ್ತದೆ ಎಂಬುದನ್ನು ಕಂಡುಕೊಂಡರು. ಆ ಅಂಟು ಹೆಚ್ಚಾಗಿ ಹೋಗುತ್ತಿದ್ದದ್ದು ಭಾರತದ ಕಾಡುಗಳಿಂದ. 1958ರಲ್ಲಿ ಅವರು ರೋಗಿಗಳಿಗೆ ಚೀಲದ ಪಾಠ ಹೇಳಲು ನಾರ್ಮಾ ಗಿಲ್ ಎಂಬಾಕೆಯನ್ನು ಕೆಲಸಕ್ಕೆ ತೆಗೆದುಕೊಂಡರು. ಆಕೆ ಡಾಕ್ಟರಲ್ಲ, ನರ್ಸ್ ಅಲ್ಲ. ಸ್ವತಃ ಚೀಲ ಹಾಕಿಕೊಂಡವಳು. ಹಾಕಿಕೊಂಡವರೇ ಕಲಿಸುವ ಆ ರೂಢಿ ಮುಂಬೈಗೂ ಬಂತು. ಆಸ್ಟಮಿ ಅಸೋಸಿಯೇಷನ್ ಆಫ್ ಇಂಡಿಯಾ 1970ರ ದಶಕದಿಂದ ಅಲ್ಲಿ ಕೆಲಸ ಮಾಡುತ್ತಿದೆ. ನಮ್ಮ ನಾಲ್ಕು ತಾಲ್ಲೂಕಿನಲ್ಲಿ ಚೀಲ ಹಾಕಿಕೊಂಡವರಿಗೆ ಚೀಲ ಹಾಕಿಕೊಂಡ ಇನ್ನೊಬ್ಬರು ಸಿಗುವುದು ಆಸ್ಪತ್ರೆಯ ಕಾಯುವ ಬೆಂಚಿನ ಮೇಲೆ, ಆಕಸ್ಮಿಕವಾಗಿ.

ಮಾವನಿಗೂ ಹಾಗೇ ಸಿಕ್ಕರು. ಶಿಗ್ಗಾವಿ ಕಡೆಯವರು, ಹೋಟೆಲ್ಲಿನಲ್ಲಿ ಗಲ್ಲಾ ಮೇಲೆ ಕೂಡುವವರು. ಚೀಲ ಬಂದು ಆರು ವರ್ಷ, ರಜೆ ಇಲ್ಲದ ವ್ಯಾಪಾರ. ಅವರು ಹೇಳಿಕೊಟ್ಟದ್ದು ತೊಳೆಯುವ ವಿದ್ಯೆ. ಬೆಳಿಗ್ಗೆ ಸುಮಾರು ಮುಕ್ಕಾಲು ಲೀಟರಿನಿಂದ ಒಂದು ಲೀಟರಿನಷ್ಟು ಉಗುರುಬೆಚ್ಚಗಿನ ನೀರನ್ನು ಎತ್ತರಕ್ಕೆ ತೂಗುಹಾಕಿದ ಡಬ್ಬಿಯಿಂದ ನಳಿಗೆ, ನಳಿಗೆಯ ತುದಿಯ ಮೆತ್ತಗಿನ ಶಂಕುವಿನಿಂದ ಸ್ಟೋಮಾದೊಳಕ್ಕೆ ನಿಧಾನವಾಗಿ ಬಿಡುವುದು. ಕರುಳು ಹಿಂಡಿ ಇದ್ದದ್ದನ್ನೆಲ್ಲ ಹೊರಹಾಕುತ್ತದೆ. ಎಲ್ಲ ಸೇರಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ರೂಢಿಯಾದರೆ ಮುಂದಿನ ಒಂದು ದಿನ, ಕೆಲವರಿಗೆ ಎರಡು ದಿನ, ಏನೂ ಬರುವುದಿಲ್ಲ. ಸಣ್ಣದೊಂದು ಮುಚ್ಚಳದಂಥ ಚೀಲ ಸಾಕು. ಎಡಭಾಗದ ಕಾಯಂ ಕೊಲೊಸ್ಟಮಿಯವರಿಗೆ ಮಾತ್ರ ಇದು ಸರಿ. ಇಲಿಯೊಸ್ಟಮಿಯವರು ಮಾಡಲೇಬಾರದು, ಉಳಿದವರೂ ಮೊದಲು ಡಾಕ್ಟರನ್ನು ಕೇಳಿ, ಗೊತ್ತಿದ್ದವರ ಎದುರು ಕಲಿಯಬೇಕು. ‘ಗಲ್ಲಾ ತೆರೆಯೂಕಿಂತ ಮುಂಚೆ ನಂದು ಎಲ್ಲಾ ಮುಗಿದಿರ್ತೈತ್ರಿ’ ಎಂದರಂತೆ ಅವರು. ಮಾವ ಬಸ್ಸಿನಲ್ಲಿ ಬರುವಾಗ ಆ ಮಾತನ್ನು ನನಗೆ ಮೂರು ಸಲ ಹೇಳಿದರು. ಕೆಲಸಕ್ಕೆ ಮರಳುವುದು ಆಗುವ ಮಾತು ಎಂದು ಅವರು ಒಪ್ಪಿಕೊಂಡದ್ದು ಆ ಬೆಂಚಿನ ಮೇಲೆ, ಯಾವ ಡಾಕ್ಟರ ಕೋಣೆಯಲ್ಲೂ ಅಲ್ಲ.

ಆದರೂ ಆ ವಿದ್ಯೆಗೆ ಬೇಕಾದ್ದೇನು? ಒಂದು ಗಂಟೆ ಹೊತ್ತು, ಬಿಸಿನೀರು, ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಪಾಯಖಾನೆ. ಆರು ಮಂದಿಗೆ ಒಂದೇ ಪಾಯಖಾನೆ ಇರುವ ಮನೆಯಲ್ಲಿ ಬೆಳಗಿನ ಒಂದು ಗಂಟೆ ಎಂದರೆ ಜಮೀನು ಕೇಳಿದ ಹಾಗೆ. ಮಾವ ನಾಲ್ಕೂವರೆಗೆ ಏಳುವುದನ್ನು ಕಲಿತರು.

ನಮ್ಮ ಕಡೆ ‘ಚರಗಿ ತಗೊಂಡು ಹೋದ’ ಅಂದರೆ ಸಾಕು, ಎಲ್ಲಿಗೆ ಎಂದು ಯಾರೂ ಕೇಳುವುದಿಲ್ಲ. ಮಲದ ಹೆಸರನ್ನು ಆಡದೆ ಮಲದ ಕೆಲಸ ಮುಗಿಸುವ ಭಾಷೆ ನಮ್ಮದು. ಹೆಸರು ಆಡದಿರುವುದರ ಭಾರ ಮಾತ್ರ ಯಾರದೋ ತಲೆಯ ಮೇಲೆ ಹೋಗಿ ಕುಳಿತಿತ್ತು. 2010ರ ಜುಲೈನಲ್ಲಿ ಸವಣೂರಿನ ಪುರಸಭೆಯ ಎದುರು ಭಂಗಿ ಸಮುದಾಯದ ಕೆಲವರು ಮಲವನ್ನು ತಮ್ಮ ಮೈಮೇಲೆ ತಾವೇ ಸುರಿದುಕೊಂಡು ನಿಂತರು. ತಲೆಮಾರುಗಳಿಂದ ಊರಿನ ಮಲ ಹೊತ್ತವರು, ವಾಸದ ಜಾಗದಿಂದ ಎಬ್ಬಿಸುವುದರ ವಿರುದ್ಧ ಹೂಡಿದ ಪ್ರತಿಭಟನೆ ಅದು. ಮಲ ಹೊರಿಸುವುದನ್ನು ನಿಷೇಧಿಸಿದ ಮೊದಲ ಕಾಯ್ದೆ ಬಂದು ಆಗಲೇ 17 ವರ್ಷವಾಗಿತ್ತು. ರಾಜ್ಯವೆಲ್ಲ ಬೆಚ್ಚಿತು. ಬೆಚ್ಚಿದ್ದು ಮಲವನ್ನು ಕಂಡೋ ಅನ್ಯಾಯವನ್ನು ಕಂಡೋ ಎಂಬುದು ನನಗೆ ಇಂದಿಗೂ ಅನುಮಾನ.

ಚೀಲದ ಮಾತಿನ ನಡುವೆ ಅದನ್ನು ಎಳೆದು ತಂದದ್ದಕ್ಕೆ ಕಾರಣವಿದೆ. ಚೀಲ ಹಾಕಿಕೊಂಡವನಿಗೆ ‘ಹೊಲಸು’ ಎಂಬ ಮಾತು ತಾಗುವುದು ಕ್ಯಾನ್ಸರಿನಿಂದಲ್ಲ, ಆ ಹಳೆಯ ಅಭ್ಯಾಸದಿಂದ. ಹೋಟೆಲ್ಲಿನಲ್ಲಿ ಅಡುಗೆ ಮಾಡುವವನನ್ನು ‘ನೀ ಒಳಗ ಬರಬ್ಯಾಡ, ಹೊರಗ ಮೇಜು ಒರಸು’ ಅನ್ನುವುದು, ಮದುವೆಯಲ್ಲಿ ಬಡಿಸುವ ಸಾಲಿನಿಂದ ಹೆಂಗಸೊಬ್ಬಳನ್ನು ಮೆಲ್ಲಗೆ ಸರಿಸುವುದು, ಎಲ್ಲ ಅಲ್ಲಿಂದಲೇ ಬಂದದ್ದು. ಸರಿಯಾಗಿ ಅಂಟಿಸಿದ ಚೀಲದಿಂದ ವಾಸನೆ ಹೊರಬರುವುದಿಲ್ಲ. ಎಲ್ಲರ ಹೊಟ್ಟೆಯಲ್ಲೂ ಇರುವುದು ಅದೇ. ವೀರಶೈವರ ಶಾಸ್ತ್ರ ಐದು ಸೂತಕಗಳನ್ನೂ ಒಪ್ಪುವುದಿಲ್ಲ. ಮುಸ್ಲಿಮರ ಧರ್ಮಶಾಸ್ತ್ರ, ತಡೆಯಲಾಗದೆ ಒಸರುವವರನ್ನು ವಿನಾಯಿತಿ ಉಳ್ಳವರೆಂದು ಕರೆದು, ಪ್ರತಿ ನಮಾಜಿನ ಹೊತ್ತಿಗೆ ವುಜು ಮಾಡಿ ನಿಲ್ಲಲು ದಾರಿ ಬಿಟ್ಟಿದೆ. ಶಾಸ್ತ್ರಗಳು ಬಿಟ್ಟುಕೊಟ್ಟದ್ದನ್ನು ಪಡಸಾಲೆ ಬಿಟ್ಟುಕೊಡುವುದಿಲ್ಲ.

ಅದೇ ಕಾರಣಕ್ಕೆ ಇನ್ನೊಂದು ಮಾತು. ಬಳಸಿದ ಚೀಲವನ್ನು ಮೊದಲು ಪಾಯಖಾನೆಯಲ್ಲಿ ಖಾಲಿ ಮಾಡಿ, ನೀರಲ್ಲಿ ತೊಳೆದು, ಹಾಳೆಯಲ್ಲಿ ಸುತ್ತಿ ಕೊಡಬೇಕು. ನಾಚಿಕೆಗೆ ಹಾಗೆಯೇ ಗಂಟು ಕಟ್ಟಿ ಕತ್ತಲಲ್ಲಿ ಕಸದ ಗುಂಡಿಗೆ ಎಸೆದರೆ, ಬೆಳಿಗ್ಗೆ ಅದನ್ನು ಬಿಚ್ಚುವ ಕೈ ಪೌರಕಾರ್ಮಿಕರದು.

ದುಡ್ಡಿನ ಲೆಕ್ಕಕ್ಕೆ ಬರೋಣ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಆಪರೇಷನ್ ಆ ಕಾರ್ಡಿನಲ್ಲಿ ಆಗುತ್ತದೆ. ಮನೆಗೆ ಬಂದ ಮೇಲೆ ತಿಂಗಳು ತಿಂಗಳು ಬೇಕಾಗುವ ಚೀಲ ಬಹುಪಾಲು ಕೈಯಿಂದಲೇ. ಅಂಟುವ ಪದರ, ಚೀಲ ಸೇರಿದ ಒಳ್ಳೆಯ ಸೆಟ್ಟು ಹೆಣ್ಣಾಳಿನ ಒಂದು ದಿನದ ಕೂಲಿಯನ್ನು ನುಂಗುತ್ತದೆ. ಮೂರು ನಾಲ್ಕು ದಿನಕ್ಕೊಮ್ಮೆ ಪದರ ಬದಲಿಸಬೇಕು. ಕೆಲಸಕ್ಕೆ ಹೋಗದಿದ್ದರೆ ಚೀಲಕ್ಕೆ ದುಡ್ಡಿಲ್ಲ, ಚೀಲ ಇಲ್ಲದಿದ್ದರೆ ಕೆಲಸಕ್ಕೆ ಹೋಗುವಂತಿಲ್ಲ. ಅದಕ್ಕೇ ಜನ ಒಂದೇ ಪದರವನ್ನು ವಾರಗಟ್ಟಲೆ ಎಳೆಯುತ್ತಾರೆ, ಚರ್ಮ ಸುಟ್ಟ ಹಾಗೆ ಕೆಂಪಾಗುತ್ತದೆ, ಆಮೇಲೆ ಹೊಸದು ತಂದರೂ ಹಸಿ ಚರ್ಮಕ್ಕೆ ಅಂಟುವುದಿಲ್ಲ. ಶಿಗ್ಗಾವಿ ಕಡೆ ಗಾರ್ಮೆಂಟ್ಸಿನಲ್ಲಿ ಹೊಲಿಯುವ ಹುಡುಗಿಗೆ ಇಎಸ್‌ಐ ಇದ್ದರೆ, ಮೊದಲ 91 ದಿನ ಕೂಲಿಯ ಶೇ 70, ಕ್ಯಾನ್ಸರಿನಂಥ ದೀರ್ಘ ಕಾಯಿಲೆಯ ಪಟ್ಟಿಯಲ್ಲಿ ಬಂದರೆ ಎರಡು ವರ್ಷದವರೆಗೆ ಶೇ 80 ಸಿಗುವ ದಾರಿ ಇದೆ, ಸೇವೆಯ ಅವಧಿ ಸಾಕಷ್ಟಿದ್ದರೆ. ಪಕ್ಕದ ಹೊಲದಲ್ಲಿ ಕಳೆ ತೆಗೆಯುವ ಅವಳ ಅವ್ವನಿಗೆ ಅದಾವುದೂ ಇಲ್ಲ.

ಕಾಯ್ದೆಯದೂ ಒಂದು ವಿಚಿತ್ರ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ವೈಕಲ್ಯಗಳ ಪಟ್ಟಿ ಇದೆ. ಸ್ಟೋಮಾದ ಹೆಸರು ಅದರಲ್ಲಿ ಇಲ್ಲ. ಇರುವುದು ರೈಲ್ವೆಯ ರಿಯಾಯಿತಿ ಪಟ್ಟಿಯಲ್ಲಿ. ಕ್ಯಾನ್ಸರ್ ರೋಗಿಗೆ ಚಿಕಿತ್ಸೆಗೆಂದು ಹೋಗಿಬರಲು ರಿಯಾಯಿತಿ. ಸ್ಟೋಮಾದವರಿಗೆ ಯಾವ ಉದ್ದೇಶಕ್ಕೆ ಹೋದರೂ ಸರಿ, ತಿಂಗಳ ಪಾಸಿಗೆ ರಿಯಾಯಿತಿ ಉಂಟು. ಇವನು ದಿನಾ ಡ್ಯೂಟಿಗೆ ಹೋಗುವ ಮನುಷ್ಯ ಎಂದು ಇಡೀ ಸರ್ಕಾರದಲ್ಲಿ ಊಹಿಸಿದ್ದು ರೈಲ್ವೆಯ ಯಾವನೋ ಪುಣ್ಯಾತ್ಮ. ನಮ್ಮ ದುರದೃಷ್ಟಕ್ಕೆ ಈ ನಾಲ್ಕು ತಾಲ್ಲೂಕು ಕೇಂದ್ರಗಳಲ್ಲಿ ಒಂದಕ್ಕೂ ರೈಲು ಬರುವುದಿಲ್ಲ. ಸವಣೂರಿನವರು ಯಲವಿಗಿಗೆ ಹೋಗಿ ಹತ್ತಬೇಕು.

ಮಾವ ಮರಳಿ ಹೊಲಕ್ಕೆ ಹೋದದ್ದು ಐದನೇ ತಿಂಗಳಲ್ಲಿ. ನಾಲ್ಕೂವರೆಯ ತೊಳೆಯುವ ಕೆಲಸ ಆಗಲೇ ಕೈಗೆ ಹತ್ತಿತ್ತು, ಆದರೂ ಅತ್ತೆಯ ಪ್ರಶ್ನೆಗೆ ಅವರು ಬಾಯಲ್ಲಿ ಉತ್ತರ ಕೊಡಲಿಲ್ಲ. ಹಳೆಯ ಕೊಟ್ಟಿಗೆಯ ತಗಡು ನಾಲ್ಕು ಬಿಚ್ಚಿಸಿ, ಬೋರಿನ ಮನೆಯ ಹಿಂದೆ ಒಂದು ಗುಂಡಿ ತೋಡಿಸಿ, ಮೇಲೆ ಬೇಸಿನ್ ಕೂರಿಸಿ, ಸುತ್ತ ತಗಡು ನಿಲ್ಲಿಸಿದರು. ಒಂದು ಪ್ಲಾಸ್ಟಿಕ್ ಬ್ಯಾರಲ್, ಒಂದು ಚರಗಿ, ಗೋಡೆಗೆ ಮೊಳೆ ಹೊಡೆದು ಬಿಡಿ ಚೀಲ, ಕತ್ತರಿ, ಹಳೆಯ ಪತ್ರಿಕೆ ಇಟ್ಟ ಕೈಚೀಲ. ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಸಲು ಅಕ್ಕಿಆಲೂರಿನ ಬಡಿಗೇರನನ್ನು ಎರಡು ಸಲ ಕರೆಸಿದರು. ಮೊದಲ ಸಲ ಹಾಕಿದ್ದು ಹೊರಗಿನಿಂದ. ಎತ್ತುವ ಕೆಲಸ ಈಗ ಆಳಿನದು. ನೀರು ತಿರುವುವುದು, ಬದು ನೋಡುವುದು, ಲೆಕ್ಕ, ಮಾವಿನ ವ್ಯಾಪಾರಿಯ ಜೊತೆ ಚೌಕಾಶಿ ಮಾವನದು. ಚೌಕಾಶಿಯಲ್ಲಿ ಮೊದಲಿಗಿಂತ ಬಿಗಿಯಾಗಿದ್ದಾರೆ ಎಂದು ವ್ಯಾಪಾರಿಯೇ ದೂರುತ್ತಾನೆ.

ಹೋದ ಮಳೆಗಾಲದಲ್ಲಿ ಕಳೆ ತೆಗೆಯಲು ಏಳೆಂಟು ಹೆಣ್ಣಾಳು ಬಂದಿದ್ದ ದಿನ ನಾನೂ ಹೊಲದಲ್ಲಿದ್ದೆ. ಮಧ್ಯಾಹ್ನದ ರೊಟ್ಟಿ ತಿಂದು ಸ್ವಲ್ಪ ಹೊತ್ತಾದ ಮೇಲೆ ಮಾವ ಸೊಂಟದ ಮೇಲೆ ಒಮ್ಮೆ ಕೈಯಾಡಿಸಿ ಬೋರಿನ ಮನೆಯ ಕಡೆ ನಡೆದರು. ತಗಡಿನ ಬಾಗಿಲು ಮುಚ್ಚಿತ್ತು. ಹೊರಗೆ ಇಬ್ಬರು ಸೆರಗು ಹೊದ್ದು ನಿಂತಿದ್ದರು. ಅವರಲ್ಲಿ ದೊಡ್ಡವಳು ಇವರನ್ನು ಕಂಡು ನಕ್ಕು, ಜಾಗ ಮಾತ್ರ ಬಿಡದೆ, ಅಂದಳು:

‘ತಡೀರಿ ಕಾಕಾರ, ಒಳಗ ಒಬ್ಬಾಕಿ ಅದಾಳ. ಆಮ್ಯಾಲ ನಮ್ಮಿಬ್ಬರದು ಪಾಳಿ ಐತಿ.’